ನೆನಪಿನ ಹೊರೆಯನ್ನು ಇಳಿಸುವ ದಿನಚರಿ

ಕೆಲವು ವರ್ಷಗಳ ಹಿಂದೆ ನಲವತ್ತೈದರ ಆಸುಪಾಸಿನ ಶಿಕ್ಷಕಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ರಾತ್ರಿ ಹತ್ತಕ್ಕೆ ಮಲಗಿದರೂ ಹನ್ನೆರಡರವರೆಗೆ ನಿದ್ರೆ ಸುಳಿಯದು, ನಸುಕಿನ ಮೂರಕ್ಕೇ ಎಚ್ಚರ, ಹಗಲೆಲ್ಲ ಎದೆಯುರಿ ಮತ್ತು ತಲೆನೋವು. ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲ. ರಕ್ತದೊತ್ತಡ ಮಾತ್ರ ಮಿತಿಯ ಅಂಚಿನಲ್ಲಿತ್ತು. “ಡಾಕ್ಟರೇ, ನಿದ್ರೆಗೆ ಏನಾದರೂ ಕೊಡಿ” ಎಂದು ಕೇಳಿದರು. “ನಸುಕಿನಲ್ಲಿ ಎಚ್ಚರವಾದಾಗ ಮೊದಲು ನೆನಪಾಗುವುದೇನು?” ಎಂದು ನಾನು ಕೇಳಿದೆ.

ಅವರು ತಡವರಿಸದೆ ಹೇಳತೊಡಗಿದರು. ಅತ್ತೆಯವರ ಬಿ.ಪಿ. ಮಾತ್ರೆ ಮುಗಿಯುತ್ತ ಬಂದಿದೆ. ಮಗನ ಕಾಲೇಜು ಶುಲ್ಕ ಕಟ್ಟಬೇಕು. ಸ್ವಸಹಾಯ ಸಂಘದ ಕಂತು, ಗ್ಯಾಸ್ ಸಿಲಿಂಡರ್, ತಿದ್ದಬೇಕಾದ ಉತ್ತರಪತ್ರಿಕೆಗಳು, ತಂಗಿಯ ಮನೆಯ ಗೃಹಪ್ರವೇಶ. ಒಂದು ಹಾಳೆ ಕೊಟ್ಟು ಎಲ್ಲವನ್ನೂ ಬರೆಯಲು ಹೇಳಿದೆ. ಹೊರಗಿನ ಬೆಂಚಿನ ಮೇಲೆ ಕುಳಿತು ಹಾಳೆಯ ಎರಡೂ ಬದಿ ತುಂಬಿಸಿ ತಂದರು. ಎಣಿಸಿದಾಗ 31 ಕೆಲಸಗಳಿದ್ದವು. ಬೆಳಗಿನ ಪೂಜೆಗೆ ಕುಳಿತಾಗಲೂ ಇವೇ ಕಣ್ಣ ಮುಂದೆ ಬರುತ್ತವೆ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಅವರ ಪಿತ್ತಕ್ಕೆ ಔಷಧ ಕೊಟ್ಟೆ. ಜೊತೆಗೆ ಒಂದು ನೋಟುಪುಸ್ತಕವನ್ನು ಕೊಳ್ಳಲು ಹೇಳಿದೆ. ಆ ಪುಸ್ತಕವನ್ನು ಬಳಸುವ ಕ್ರಮವನ್ನು ಈ ತಿಂಗಳು ಭಕ್ತಬಾಂಧವರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮುಗಿಯದ ಕೆಲಸ ಮನಸ್ಸನ್ನು ಏಕೆ ಕಾಡುತ್ತದೆ?

ಚರಕ ಸಂಹಿತೆಯು ರೋಗಗಳ ಮೂಲಕಾರಣಗಳಲ್ಲಿ ‘ಪ್ರಜ್ಞಾಪರಾಧ’ವನ್ನು ಹೇಳುತ್ತದೆ. ಧೀ, ಧೃತಿ, ಸ್ಮೃತಿ, ಅಂದರೆ ವಿವೇಚನೆ, ಸಂಯಮ ಮತ್ತು ನೆನಪು ತಮ್ಮ ಸ್ಥಾನ ತಪ್ಪಿದಾಗ ಮನುಷ್ಯನು ತನಗೆ ಅಹಿತವಾದುದನ್ನೇ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ನೆನಪಿನ ಶಕ್ತಿಯೆಲ್ಲ ಸಿಲಿಂಡರ್, ಕಂತು, ಶುಲ್ಕಗಳನ್ನು ಕಾಯುವುದರಲ್ಲಿಯೇ ವ್ಯಯವಾದರೆ ವಿವೇಚನೆಗೆ ಉಳಿಯುವುದು ಅತ್ಯಲ್ಪ.

ಆಧುನಿಕ ಮನೋವಿಜ್ಞಾನವೂ ಈ ವಿಷಯವನ್ನು ಪರಿಶೀಲಿಸಿದೆ. ಬರ್ಲಿನ್ನಿನಲ್ಲಿ ಅಧ್ಯಯನ ಮಾಡಿದ ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ 1927ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆ ಎಂದು ತೋರಿಸಿದರು. ಮುಂದಿನ ಎಲ್ಲ ಪ್ರಯೋಗಗಳಲ್ಲಿಯೂ ಈ ಫಲಿತಾಂಶ ಮರುಕಳಿಸಲಿಲ್ಲ. ಆದರೆ 2011ರಲ್ಲಿ ಅಮೆರಿಕದ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು ನಮಗೆ ಉಪಯುಕ್ತವಾದ ಇನ್ನೊಂದು ಅಂಶವನ್ನು ಕಂಡರು: ಬಾಕಿ ಕೆಲಸವನ್ನು ಮುಗಿಸದಿದ್ದರೂ, ಅದನ್ನು ಯಾವಾಗ, ಹೇಗೆ ಮಾಡುವುದೆಂದು ನಿಶ್ಚಯಿಸಿಕೊಂಡರೆ ಅದರ ಕಾಟ ಕಡಿಮೆಯಾಗುತ್ತದೆ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಆರೋಗ್ಯವಂತ ತರುಣ ತರುಣಿಯರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಲಗುವ ಮುನ್ನ ಐದು ನಿಮಿಷ ಕೆಲವರು ಮುಂದೆ ಮಾಡಬೇಕಾದ ಕೆಲಸಗಳನ್ನೂ, ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನೂ ಬರೆದರು. ಮೊದಲ ಗುಂಪಿನವರಿಗೆ ಸರಾಸರಿ ಒಂಬತ್ತು ನಿಮಿಷಗಳಷ್ಟು ಬೇಗ ನಿದ್ರೆ ಬಂದಿತು. ಇದು ಚಿಕ್ಕ ಅಧ್ಯಯನ, ಅದೂ ಒಂದೇ ರಾತ್ರಿಯದು. ಆದರೂ ಖರ್ಚಿಲ್ಲದ ಈ ಉಪಾಯವನ್ನು ಪರೀಕ್ಷಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಅನುಸರಿಸಬೇಕಾದ ಕ್ರಮ

ಮೊದಲನೆಯದು, ಇಳಿಸುವುದು. ಬಿಡುವಿರುವ ಒಂದು ದಿನ ಅರ್ಧ ಗಂಟೆ ಒಂದೆಡೆ ಕುಳಿತು, ಮನಸ್ಸಿನಲ್ಲಿರುವ ಎಲ್ಲ ಬಾಕಿ ಕೆಲಸಗಳನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ದೊಡ್ಡದು, ಚಿಕ್ಕದು ಎಂಬ ಭೇದ ಬೇಡ. ಕ್ಯಾಲೆಂಡರಿನ ಅಂಚು, ಬಸ್ ಟಿಕೆಟಿನ ಹಿಂಬದಿ, ಮೊಬೈಲು ಎಂದು ಹಲವೆಡೆ ಬರೆದಿಟ್ಟರೆ, ಎಲ್ಲಿ ಬರೆದೆನೆಂಬುದನ್ನು ನೆನಪಿಡುವುದೇ ಇನ್ನೊಂದು ಕೆಲಸವಾಗುತ್ತದೆ.

ಎರಡನೆಯದು, ವಿಂಗಡಿಸುವುದು. ಪ್ರತಿಯೊಂದು ಕೆಲಸದ ಮುಂದೆಯೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಾಡಲೇಬೇಕೇ? ನಾನೇ ಮಾಡಬೇಕೇ? ಈ ವಾರವೇ ಮಾಡಬೇಕೇ? ಮೊದಲನೆಯದಕ್ಕೆ ‘ಇಲ್ಲ’ ಎಂದಾದರೆ ಹೊಡೆದು ಹಾಕಿ. ಎರಡನೆಯದಕ್ಕೆ ‘ಇಲ್ಲ’ ಎಂದಾದರೆ ಮನೆಯವರ ಹೆಸರು ಬರೆದು ಅವರಿಗೆ ಒಪ್ಪಿಸಿ. ಮೂರನೆಯದಕ್ಕೆ ‘ಇಲ್ಲ’ ಎಂದಾದರೆ ಕೊನೆಯ ಪುಟಕ್ಕೆ ಸಾಗಿಸಿ. ಡೇವಿಡ್ ಆಲನ್ 2001ರಲ್ಲಿ ಪ್ರಕಟಿಸಿದ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಎಂಬ ಪುಸ್ತಕದಲ್ಲಿ ಒಂದು ಒಳ್ಳೆಯ ಸೂಚನೆಯಿದೆ: ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳದೆ ಆಗಲೇ ಮಾಡಿಬಿಡಬೇಕು.

ಮೂರನೆಯದು, ನಿಶ್ಚಯಿಸುವುದು. ‘ಅತ್ತೆಯ ಔಷಧ’ ಎಂದಷ್ಟೇ ಬರೆದರೆ ಸಾಲದು. ‘ಮಂಗಳವಾರ ಶಾಲೆಯಿಂದ ಮರಳುವಾಗ ಔಷಧದ ಅಂಗಡಿಯಲ್ಲಿ 30 ಮಾತ್ರೆ ತರುವುದು’ ಎಂದು ಬರೆಯಿರಿ. ನಿತ್ಯದ ಅಡುಗೆ, ಉದ್ಯೋಗಗಳಲ್ಲದೆ, ದಿನಕ್ಕೆ ಇಂತಹ ಮೂರು ಕೆಲಸಗಳಿದ್ದರೆ ಸಾಕು.

ನಾಲ್ಕನೆಯದು, ಮುಗಿಸುವುದು. ರಾತ್ರಿ ಊಟವಾದ ಬಳಿಕ ಐದು ನಿಮಿಷ ಪುಸ್ತಕ ತೆರೆದು, ಆದ ಕೆಲಸಗಳಿಗೆ ಗುರುತು ಹಾಕಿ, ನಾಳೆಯ ಮೂರನ್ನು ಬರೆದು ಮುಚ್ಚಿಡಿ. ಪುಸ್ತಕವು ಹಾಸಿಗೆಯ ಬಳಿ ಇರಲಿ. ನಸುಕಿನಲ್ಲಿ ಏನಾದರೂ ನೆನಪಾದರೆ ಒಂದು ಸಾಲು ಗೀಚಿ ಮತ್ತೆ ಮಲಗಿ. ವಾರಕ್ಕೊಮ್ಮೆ ಇಡೀ ಪಟ್ಟಿಯನ್ನು ನೋಡಿ. ಈ ಅವಲೋಕನ ತಪ್ಪಿದರೆ ಮನಸ್ಸು ಪುಸ್ತಕವನ್ನು ನಂಬುವುದಿಲ್ಲ. ಹೊರೆಯನ್ನು ಮತ್ತೆ ತಾನೇ ಹೊತ್ತುಕೊಳ್ಳುತ್ತದೆ.

ಪಟ್ಟಿಯೇ ಚಾಟಿಯಾಗದಿರಲಿ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಐವತ್ತರ ವಯಸ್ಸಿನಲ್ಲಿ ನಾನು ಮುಂಜಾನೆ ನಾಲ್ಕೂವರೆಯಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಂದರಂತೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಎಂಟನೆಯ ದಿನ, ತನ್ನ ನೋವನ್ನು ನಿಧಾನವಾಗಿ ಹೇಳಿಕೊಳ್ಳುತ್ತಿದ್ದ ವೃದ್ಧರೊಬ್ಬರ ಮಾತನ್ನು ಗಡಿಯಾರ ನೋಡಿ ತಡೆದೆ. ಅವರು ಸುಮ್ಮನೆ ಎದ್ದು ಹೋದರು. ಅಂದೇ ಆ ಹಾಳೆಯನ್ನು ಕಿತ್ತೆ. ವ್ಯವಸ್ಥೆಯು ಇನ್ನಷ್ಟು ಕೆಲಸ ತುರುಕಲು ಅಲ್ಲ, ಎದುರಿಗಿರುವ ವ್ಯಕ್ತಿಗೆ ಪೂರ್ಣ ಮನಸ್ಸು ಕೊಡುವುದಕ್ಕಾಗಿ ಎಂಬುದು ಆಗ ತಿಳಿಯಿತು.

ಆದ್ದರಿಂದ ದಿನದಲ್ಲಿ ಮೊದಲು ಕಾಯ್ದಿರಿಸಬೇಕಾದುದು ದೇಹದ ಸಮಯವನ್ನು. ಚರಕರು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಕರೆದಿದ್ದಾರೆ. ತಡೆಯಬಾರದ ಹದಿಮೂರು ವೇಗಗಳಲ್ಲಿ ಹಸಿವು, ಬಾಯಾರಿಕೆ, ಮಲಮೂತ್ರಗಳ ಜೊತೆಗೆ ನಿದ್ರೆಯೂ, ಕಣ್ಣೀರೂ ಸೇರಿವೆ. ಧಾವಂತದಲ್ಲಿರುವವರು ದಿನವೂ ತಡೆಯುವುದು ಇವುಗಳನ್ನೇ. ಲೋಭ, ಕ್ರೋಧ, ಭಯಗಳಂತಹ ಮನೋವೇಗಗಳನ್ನು ತಡೆಯಬೇಕೆಂದೂ ಅದೇ ಅಧ್ಯಾಯ ಹೇಳುತ್ತದೆ. ಏಳುವ, ಉಣ್ಣುವ, ಮಲಗುವ ಹೊತ್ತು ನಿಶ್ಚಿತವಾಗಿರಲಿ. ಪಟ್ಟಿಯ ಕೆಲಸಗಳು ಅವುಗಳ ನಡುವೆ ಹೊಂದಿಕೊಳ್ಳಲಿ. ಒಂದು ದಿನ ಕ್ರಮ ತಪ್ಪಿದರೆ ಕೊರಗದೆ ಮರುದಿನ ಮುಂದುವರಿಸಿ.

ಒಂದು ಎಚ್ಚರಿಕೆ

ಎಲ್ಲ ಸಂಕಟಕ್ಕೂ ನೋಟುಪುಸ್ತಕ ಮದ್ದಲ್ಲ. ಎರಡು ವಾರ ಕಳೆದರೂ ನಿದ್ರಾಹೀನತೆ, ಖಿನ್ನತೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಮುಂದುವರಿದರೆ ವೈದ್ಯರನ್ನು ಕಾಣಿರಿ. ಎದೆನೋವು ಬಂದರೆ ‘ಇದು ಬರೀ ಒತ್ತಡ’ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಿ. ಜೀವ ಬೇಡವೆಂಬ ಯೋಚನೆ ಬಂದರೆ ಕ್ಷಣವೂ ತಡಮಾಡದೆ ಹತ್ತಿರದವರಿಗೆ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ರಕ್ತದೊತ್ತಡ, ಮಧುಮೇಹಗಳ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಆ ಶಿಕ್ಷಕಿ ಆರು ವಾರಗಳ ನಂತರ ಮತ್ತೆ ಬಂದರು. ನಿದ್ರೆ ಬಹುಮಟ್ಟಿಗೆ ಸುಧಾರಿಸಿತ್ತು. ಕೆಲವು ರಾತ್ರಿ ಇನ್ನೂ ಎಚ್ಚರವಾಗುತ್ತದೆ ಎಂದರು. ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಮುಖ್ಯವೆನಿಸಿತು. ಮೇಜಿನ ಮೇಲೆ ತೆರೆದಿದ್ದ ಪುಸ್ತಕವನ್ನು ಅವರ ಪತಿ ಒಂದು ಸಂಜೆ ಓದಿ, “ಇಷ್ಟೂ ನೀನೊಬ್ಬಳೇ ನೆನಪಿಟ್ಟುಕೊಳ್ಳುತ್ತಿದ್ದೆಯಾ?” ಎಂದು ಕೇಳಿದರಂತೆ. ಅಂದಿನಿಂದ ಸಿಲಿಂಡರ್, ತಾಯಿಯ ಔಷಧ, ವಿದ್ಯುತ್ ಬಿಲ್ಲು, ಮಗನ ಶುಲ್ಕ, ಈ ನಾಲ್ಕೂ ಅವರ ಪಾಲಿಗೆ ಬಂದವು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಆ ಹೊರೆಯನ್ನು ಅವರು ಕಂಡಿರಲಿಲ್ಲ. ಬರೆದ ಮೇಲೆ ಕಂಡಿತು.

ತಾಯಂದಿರೇ, ನಿಮ್ಮ ಪಟ್ಟಿಯನ್ನು ಬರೆಯಿರಿ, ಮನೆಯವರ ಕಣ್ಣಿಗೆ ಬೀಳುವಂತೆ ಇಡಿ. ಮನೆಯ ಹಿರಿಯರೇ, ಪುರುಷರೇ, ಅದನ್ನು ಓದಿ, ಒಂದೆರಡು ಸಾಲುಗಳ ಮುಂದೆ ನಿಮ್ಮ ಹೆಸರನ್ನು ನೀವೇ ಬರೆಯಿರಿ. ಇದು ಈ ವೈದ್ಯನ ವಿನಂತಿ.