ಪೌಂಡ್-ಬಲದಿಂದ ನ್ಯೂಟನ್‌ಗೆ: ಬಲದ ಏಕಮಾನಗಳ ಪರಿವರ್ತನೆ

ಬೈಕಿನ ಚಕ್ರಕ್ಕೆ ಗಾಳಿ ತುಂಬುವವನು ‘ಮೂವತ್ತು ಪೌಂಡ್ ಸಾಕೇ?’ ಎಂದು ಕೇಳುವುದನ್ನು ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಆ ಪೌಂಡ್ ಗಾಳಿಯ ತೂಕವಲ್ಲ; ಹೊರಗಿನ ವಾಯುವಿನ ಒತ್ತಡಕ್ಕಿಂತ ಹೆಚ್ಚಾಗಿ ಚಕ್ರದ ಒಳಮೈಯ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಬಲ. ಪಠ್ಯಪುಸ್ತಕದಲ್ಲಾದರೋ ಬಲದ ಏಕಮಾನ ನ್ಯೂಟನ್. ಇವೆರಡರ ಸಂಬಂಧವನ್ನು 4.448 ಎಂಬ ಸಂಖ್ಯೆಯಾಗಿ ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಅದು ಎಲ್ಲಿಂದ ಬಂತೆಂದು ತಿಳಿಯದವರು ಗುಣಿಸಬೇಕೋ ಭಾಗಿಸಬೇಕೋ ಎಂಬಲ್ಲಿ ಎಡವುತ್ತಾರೆ.

ತೊಡಕಿನ ಬೇರು ಭಾಷೆಯಲ್ಲಿದೆ. ಅಂಗಡಿಯಲ್ಲಿ ‘ಒಂದು ಕಿಲೋ ತೂಕ’ ಎನ್ನುವಾಗ ಹೇಳುತ್ತಿರುವುದು ದ್ರವ್ಯರಾಶಿಯನ್ನು. ವಿಜ್ಞಾನದಲ್ಲಿ ತೂಕವೆಂದರೆ ಆ ದ್ರವ್ಯರಾಶಿಯನ್ನು ಭೂಮಿ ಸೆಳೆಯುವ ಬಲ. ಗಡಿಭಾಗದ ಶಾಲೆಗಳಲ್ಲಿ ನೆರೆಭಾಷೆಯ ಪದಗಳೂ ಬಂದು ಸೇರುತ್ತವೆ. ತೆಲುಗಿನಲ್ಲಿಯೂ ದ್ರವ್ಯರಾಶಿ ಎಂಬ ಪದವೇ ಇದೆ, ಮರಾಠಿಯಲ್ಲಿ ಅದು ವಸ್ತುಮಾನ. ತೂಕಕ್ಕೆ ಮರಾಠಿಯಲ್ಲಿ ವಜನ, ಮಲಯಾಳದಲ್ಲಿ ಭಾರಂ. ಇವನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಕಿಲೋಗ್ರಾಂ ಯಾವುದಕ್ಕೆ, ನ್ಯೂಟನ್ ಯಾವುದಕ್ಕೆ ಎಂಬುದನ್ನು ಅಧ್ಯಾಪಕರು ಮೊದಲೇ ಇತ್ಯರ್ಥಗೊಳಿಸುವುದು ಲೇಸು.

ಇನ್ನು ಲೆಕ್ಕ. 1 ಕಿಲೋಗ್ರಾಂ ದ್ರವ್ಯರಾಶಿಯ ವೇಗವನ್ನು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 1 ಮೀಟರ್‌ನಷ್ಟು ಹೆಚ್ಚಿಸುವ ಬಲವೇ 1 ನ್ಯೂಟನ್. ಗುರುತ್ವ ವೇಗೋತ್ಕರ್ಷಕ್ಕೆ 1901ರಲ್ಲಿ ಅಂಗೀಕೃತವಾದ ಪ್ರಮಾಣಿತ ಮೌಲ್ಯ 9.80665, ಆದ್ದರಿಂದ 1 ಕಿಲೋಗ್ರಾಂ-ಬಲವೆಂದರೆ 9.80665 ನ್ಯೂಟನ್. ಒಂದು ಪೌಂಡ್ ದ್ರವ್ಯರಾಶಿ 0.45359237 ಕಿಲೋಗ್ರಾಂ. ಈ ಎರಡು ಸಂಖ್ಯೆಗಳನ್ನು ಗುಣಿಸಿದರೆ 4.448 ದೊರೆಯುತ್ತದೆ: ಅಷ್ಟು ನ್ಯೂಟನ್ ಸೇರಿ 1 ಪೌಂಡ್-ಬಲ. ಸೇರಿನಲ್ಲಿ ಅಳೆದ ಅಕ್ಕಿಯನ್ನೇ ಪಾವಿನಲ್ಲಿ ಅಳೆದರೆ ಎಣಿಕೆ ಹೆಚ್ಚುತ್ತದೆ, ಅಕ್ಕಿ ಹೆಚ್ಚುವುದಿಲ್ಲ. ಹಾಗೆಯೇ ಪೌಂಡಿನಿಂದ ನ್ಯೂಟನ್‌ಗೆ ಬರುವಾಗ ಗುಣಾಕಾರ, ಮರಳುವಾಗ ಭಾಗಾಕಾರ.

ಚಕ್ರದ 30 ಪೌಂಡ್ ಈಗ 133.4 ನ್ಯೂಟನ್ ಆಯಿತು. ಆದರೆ ಅದು ಒಂದು ಚದರ ಅಂಗುಲಕ್ಕೆ, ಅಂದರೆ 6.4516 ಚದರ ಸೆಂಟಿಮೀಟರಿಗೆ. ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 20.7 ನ್ಯೂಟನ್. ಬಲವನ್ನು ಬದಲಿಸಿ ವಿಸ್ತೀರ್ಣವನ್ನು ಹಾಗೆಯೇ ಬಿಡುವ ತಪ್ಪು ಇಲ್ಲಿ ನಡೆಯುತ್ತದೆ. ಅದನ್ನು ಮುಂಚಿತವಾಗಿ ತಿದ್ದುವುದಕ್ಕಿಂತ ಮಾಡಲು ಬಿಟ್ಟು ಚರ್ಚಿಸುವುದೇ ಉತ್ತಮ.

ಏಕಮಾನ ಬರೆಯದಿದ್ದರೆ ಅಂಕ ಕಳೆಯುವುದೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಮಂಗಳಗ್ರಹದ ಕಥೆ ಹೇಳಬಹುದು. ಅಮೆರಿಕದ ನಾಸಾ 1998ರ ಡಿಸೆಂಬರಿನಲ್ಲಿ ಹಾರಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಪಯಣದುದ್ದಕ್ಕೂ ಅದರ ಕಿರುಎಂಜಿನುಗಳು ಕೊಟ್ಟ ತಳ್ಳಿಕೆಯನ್ನು, ಅಂದರೆ ಬಲ ಮತ್ತು ಕಾಲದ ಗುಣಲಬ್ಧವನ್ನು, ಭೂಮಿಯ ಮೇಲಿನ ಒಂದು ಗಣಕಕ್ರಮವು ಪೌಂಡ್-ಬಲ ಸೆಕೆಂಡಿನಲ್ಲಿ ಕೊಟ್ಟಿತು. ಕೊಡಬೇಕಾಗಿದ್ದುದು ನ್ಯೂಟನ್ ಸೆಕೆಂಡಿನಲ್ಲಿ. ಪಥವನ್ನು ಲೆಕ್ಕ ಹಾಕುವವರು ಅದನ್ನು ನ್ಯೂಟನ್ ಎಂದೇ ತಿಳಿದರು. ಮಂಗಳನ ಮೇಲ್ಮೈಯಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಾಗಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದಿತ್ತು.

ತರಗತಿಗೆ ಲೆಕ್ಕ: ಎಂಜಿನು ಕೊಟ್ಟ 10 ಪೌಂಡ್-ಬಲ ಸೆಕೆಂಡನ್ನು 10 ನ್ಯೂಟನ್ ಸೆಕೆಂಡ್ ಎಂದು ಓದಿದರೆ, ಲೆಕ್ಕದಿಂದ ಬಿಟ್ಟುಹೋದುದೆಷ್ಟು? ಉತ್ತರ: ಸುಮಾರು 34.5 ನ್ಯೂಟನ್ ಸೆಕೆಂಡ್.