ಲಾಭ ಲಕ್ಷ, ಶಿಲ್ಕು ಸೊನ್ನೆ

2023ರ ಮಾರ್ಚ್ ಎರಡನೇ ವಾರ. ಬಿ.ಕಾಂ. ಮುಗಿಸಿ, ದಾವಣಗೆರೆಯಲ್ಲಿ ಸೋದರಮಾವನ ಎಲೆಕ್ಟ್ರಿಕಲ್ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ. ಫೆಬ್ರುವರಿಯ ಲಾಭ-ನಷ್ಟದ ಪಟ್ಟಿ ಮಾವನ ಮುಂದಿಟ್ಟೆ. ಗುತ್ತಿಗೆದಾರರೊಬ್ಬರಿಗೆ ವೈರು, ಸ್ವಿಚ್ಚು ಮಾರಿದ್ದರಲ್ಲೇ ಒಂದು ಲಕ್ಷ ಉಳಿದಿತ್ತು. ಮಾವ ಪಟ್ಟಿ ನೋಡಿದರು, ಗಲ್ಲಾ ಎಳೆದು ತೋರಿಸಿದರು.

‘ಲಾಭ ಲಕ್ಷ ಅಂತೀಯಲ್ಲವ್ವಾ, ಎಲ್ಲೈತೆ ರೊಕ್ಕ?’

ಪರೀಕ್ಷೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಈಗ ಕಾಲೇಜಿನಲ್ಲಿ ಪಾಠ ಹೇಳುವ ನಾನು ಮೊದಲ ದಿನ ಹಿಡಿಯುವುದೇ ಆ ಗುತ್ತಿಗೆದಾರರ ಬಿಲ್ಲನ್ನು.

ಮಾಲಿನ ಬೆಲೆ 5,00,000. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 90,000. ಬಿಲ್ಲಿನ ಮೊತ್ತ 5,90,000, ಪೂರ್ತಿ ಉದ್ರಿ. ಅದೇ ಮಾಲನ್ನು ನಾವು ತಂದದ್ದು 4,00,000ಕ್ಕೆ, ಜೊತೆಗೆ 72,000 ತೆರಿಗೆ. 4,72,000 ಸರಬರಾಜುದಾರರಿಗೆ ಕೊಟ್ಟಾಗಿತ್ತು. ಮಾರಿದ್ದರಲ್ಲಿ ಕೊಂಡದ್ದನ್ನು ಕಳೆದರೆ ಲಾಭ ಒಂದು ಲಕ್ಷ. ಕಿರ್ದಿ ಪುಸ್ತಕ ತೆರೆದರೆ ಆ ವ್ಯವಹಾರದಿಂದ ಒಳಗೆ ಬಂದದ್ದು ಸೊನ್ನೆ, ಹೊರಗೆ ಹೋದದ್ದು 4,72,000. ಎರಡೂ ಸರಿ. ಬಿಲ್ ಹಾಕಿದ ದಿನವೇ ಲಾಭ ಹುಟ್ಟುತ್ತದೆ, ಹಣ ಬರುವುದು ಕೊಳ್ಳುವವರು ಕೊಟ್ಟಾಗ. ನಡುವಿನ ದಿನಗಳನ್ನು ಅಂಗಡಿ ಹೇಗೆ ದಾಟುತ್ತದೆ ಎನ್ನುವುದನ್ನು ಲಾಭ-ನಷ್ಟದ ಪಟ್ಟಿ ಹೇಳುವುದಿಲ್ಲ.

ಜಿಎಸ್‌ಟಿಯೂ ಕಾಯುವುದಿಲ್ಲ. ಉದ್ರಿ ವಸೂಲಾಗಲಿ ಬಿಡಲಿ, ತಿಂಗಳ ರಿಟರ್ನ್ ಸಲ್ಲಿಸುವ ನಮ್ಮಂಥವರು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಮಾರಾಟದ ಮೇಲಿನ 90,000ದಲ್ಲಿ ಖರೀದಿಯ ಮೇಲೆ ಕೊಟ್ಟ 72,000 ಕಳೆದು 18,000 ಕಟ್ಟಿದರಾಯಿತು ಎಂದು ನಾನು ಲೆಕ್ಕ ಹಾಕಿ, ಅಷ್ಟನ್ನೇ ತೆಗೆದಿಟ್ಟಿದ್ದೆ. ಉಳಿದ ರೊಕ್ಕದಲ್ಲಿ ಮಾವ ಬೇಸಿಗೆಗೆಂದು ಫ್ಯಾನ್ ತರಿಸಿದ್ದರು. ಆದರೆ 2022ರ ಜನವರಿಯಿಂದ, ಸರಬರಾಜುದಾರರು ತಮ್ಮ ಬಿಲ್ಲನ್ನು ರಿಟರ್ನ್‌ನಲ್ಲಿ ತೋರಿಸಿ ಅದು ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬಂದರೆ ಮಾತ್ರ ಆ ತೆರಿಗೆ ನಮಗೆ ಜಮಾ ಆಗುತ್ತದೆ. ಅವರು ತೋರಿಸಿರಲಿಲ್ಲ. ನಾನು ಆ ಪಟ್ಟಿ ತೆಗೆದು ನೋಡಿದ್ದು ಮಾರ್ಚ್ 18ಕ್ಕೆ. 18,000 ಎಂದುಕೊಂಡದ್ದು ಒಂದೇ ಏಟಿಗೆ 90,000 ಆಯಿತು.

ಕಟ್ಟಿದ್ದು 25 ದಿನ ತಡವಾಗಿ. ವರ್ಷಕ್ಕೆ ಶೇ. 18ರ ಬಡ್ಡಿ ಸುಮಾರು 1,110 ರೂಪಾಯಿ, ದಿನಕ್ಕೆ 50ರಂತೆ ವಿಳಂಬ ಶುಲ್ಕ 1,250. ಮೊತ್ತ ದೊಡ್ಡದಲ್ಲ. ಆ 25 ದಿನ ಮಾವ ಪರಿಚಯದವರ ಮನೆಬಾಗಿಲಿಗೆ ಕೈಗಡಕ್ಕೆ ಹೋಗಿ ಬಂದದ್ದು ಮಾತ್ರ ನನಗೆ ಇಂದಿಗೂ ನೋವು. 72,000 ಮುಂದೆ ಜಮಾ ಆಯಿತು. ಗುತ್ತಿಗೆದಾರರ ಹಣ ಬಂದದ್ದು ಜೂನ್‌ನಲ್ಲಿ. ಅಷ್ಟರೊಳಗೆ ಹಣಕಾಸು ವರ್ಷವೇ ಮುಗಿದಿತ್ತು. ಕೈಗೆ ಬಾರದ ಆ ಲಕ್ಷ, ಬಿಲ್ ಹಾಕಿದ ವರ್ಷದ ಆದಾಯಕ್ಕೇ ಸೇರಿತು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವ ಇನ್ನೊಂದು ಕಡೆ ಸಾಲದ ಕಂತು. ತಿಂಗಳಿಗೆ 12,000 ಕಂತು ಕಟ್ಟಿದರೆ 12,000 ಖರ್ಚು ಎಂದು ಬರೆದುಬಿಡುತ್ತಾರೆ. ಅದರಲ್ಲಿ ಬಡ್ಡಿಯಷ್ಟೇ ಖರ್ಚು. ಅಸಲು ತೀರಿಸಿದ್ದು ಹೊಣೆ ಇಳಿಸಿದ್ದು, ಲಾಭವನ್ನು ಮುಟ್ಟುವುದಿಲ್ಲ. ಸವಕಳಿ ಇದಕ್ಕೆ ತಿರುವುಮುರುವು: ಲಾಭ ಇಳಿಸುತ್ತದೆ, ಗಲ್ಲಾದಿಂದ ಒಂದು ಪೈಸೆಯೂ ಹೋಗುವುದಿಲ್ಲ.

ಆ ಏಪ್ರಿಲ್‌ನಿಂದ ಅಂಗಡಿಯಲ್ಲಿ ಎರಡು ಬದಲಾವಣೆ ಮಾಡಿದೆ. ಜಿಎಸ್‌ಟಿಗೆಂದೇ ಬೇರೆ ಬ್ಯಾಂಕ್ ಖಾತೆ. ದಿನದ ವ್ಯಾಪಾರದಲ್ಲಿ ತೆರಿಗೆಯ ಪಾಲು ಸಂಜೆಯೇ ಅಲ್ಲಿಗೆ. ಅದು ಸರ್ಕಾರದ ಹಣ, ನಮ್ಮ ಕೈಯಲ್ಲಿ ಹಾದುಹೋಗುತ್ತಿದೆ ಅಷ್ಟೇ. ಇನ್ನೊಂದು, ಶನಿವಾರದ ಹಾಳೆ. ಪಠ್ಯದ ಬಜೆಟ್ ವರ್ಷದ್ದು, ಬಾಬ್ತುವಾರು. ಈ ಹಾಳೆ ಮುಂದಿನ ಎಂಟು ವಾರಗಳದ್ದು, ತಾರೀಖುವಾರು. ಈ ವಾರದ ಶಿಲ್ಕು ಮೇಲೆ, ಕೆಳಗೆ ಬಾಡಿಗೆ, ಸಂಬಳ, ಕಂತು, 20ನೇ ತಾರೀಖಿನ ತೆರಿಗೆ. ಉದ್ರಿ ವಸೂಲಿಯನ್ನು ಬಿಲ್ಲಿನಲ್ಲಿರುವ ತಾರೀಖಿಗೆ ಬರೆಯುವುದಿಲ್ಲ, ಆ ಗಿರಾಕಿ ಕಳೆದ ಸಲ ಕೊಟ್ಟದ್ದು ಎಷ್ಟು ದಿನಕ್ಕೆ ಎಂದು ನೋಡಿ ಬರೆಯುತ್ತೇವೆ. ಯಾವ ವಾರ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತದೋ ಅದು ಒಂದು ತಿಂಗಳು ಮೊದಲೇ ಕಣ್ಣಿಗೆ ಬೀಳುತ್ತದೆ.

ಮಾವ ಈಗ ಆ ಹಾಳೆಯನ್ನು ತಾವೇ ಬರೆಯುತ್ತಾರೆ. ಪ್ರತಿ ತಿಂಗಳು 14ಕ್ಕೆ, 2ಬಿ ಪಟ್ಟಿ ತಯಾರಾಗುವ ದಿನ, ನನಗೆ ಫೋನ್ ಬರುತ್ತದೆ: ‘ನಮ್ಮ ಬಿಲ್ ಎಲ್ಲಾ ಬಂದವೇನವ್ವಾ?’