ಲಮೇಟಾ ಪದರಗಳು: ಮೂಳೆಗಿಂತ ಮೊದಲು ಓದಬೇಕಾದ ನೆಲ

ಜಬಲ್ಪುರದ ಬಳಿ ನರ್ಮದೆಯ ದಂಡೆಯಲ್ಲಿರುವ ಲಮೇಟಾ ಘಾಟಿನ ಹೆಸರನ್ನು ಹೊತ್ತ ಶಿಲಾಸಮೂಹವು ಕ್ರಿಟೇಷಿಯಸ್ ಕಾಲದ ಕೊನೆಯಲ್ಲಿ, ಅಂದರೆ ಡೈನೋಸಾರುಗಳು ಅಳಿದ 6.6 ಕೋಟಿ ವರ್ಷಗಳ ಹಿಂದಿನ ಘಟ್ಟಕ್ಕೆ ತುಸು ಮೊದಲು, ಶೇಖರಗೊಂಡ ಮರಳುಗಲ್ಲು, ಜೇಡಿ ಮತ್ತು ಸುಣ್ಣಕಲ್ಲುಗಳ ತೆಳುವಾದ ಪದರಗಳಿಂದಾಗಿದ್ದು, ಅದರ ಮೇಲೆ ದಖ್ಖನ್ ಟ್ರ್ಯಾಪ್ ಎನ್ನಲಾಗುವ ಲಾವಾ ಹರಿವುಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಎರಡು ಹರಿವುಗಳ ನಡುವಣ ಬಿಡುವಿನಲ್ಲಿ ಕೆರೆ ಕುಂಟೆಗಳ ಹೂಳು ಗಟ್ಟಿಯಾಗಿ ಉಳಿದರೆ ಅದು ಅಂತರ್‌ಟ್ರ್ಯಾಪ್ ಪದರ.

ನರ್ಮದಾ ಕಣಿವೆಯಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆ, ಪ್ರಸ್ತುತ ಲೇಖಕರಿಗೂ, ಅನುಭವ ಕಲಿಸಿದ್ದು ಒಂದೇ: ಮೂಳೆ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಹೇಗೆ ಬಿದ್ದಿತ್ತು ಎಂಬುದು ದಾಖಲಾಗದಿದ್ದರೆ ಆ ಮೂಳೆಯ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇದಕ್ಕೆ ಈ ಶಿಲೆಗಳ ಅಧ್ಯಯನದ ಇತಿಹಾಸವೇ ಸಾಕ್ಷಿ. ಠಗ್ಗರ ನಿರ್ಮೂಲನೆಗೆ ಹೆಸರಾದ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಗೆ 1828ರಲ್ಲಿ ಜಬಲ್ಪುರದಲ್ಲಿ ಸಿಕ್ಕ ಬೆನ್ನೆಲುಬಿನ ತುಂಡುಗಳನ್ನು ಆಧರಿಸಿ ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕ್ಕರ್ 1877ರಲ್ಲಿ ಆ ಡೈನೋಸಾರಿಗೆ ಟೈಟಾನೊಸಾರಸ್ ಇಂಡಿಕಸ್ ಎಂಬ ಹೆಸರಿಟ್ಟನಾದರೂ, ಅಷ್ಟರಿಂದಲೇ ಒಂದು ಪ್ರಭೇದವನ್ನು ಗುರುತಿಸಲಾಗದೆಂದು ಈಗ ಹಲವು ತಜ್ಞರು ಅದನ್ನು ಕೈಬಿಟ್ಟಿದ್ದಾರೆ. ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಬೆರಕೆಯಾಗಿ ದೊರೆತ ಬಿಡಿ ಮೂಳೆಗಳಿಗೆ ಹ್ಯೂನೆ ಮತ್ತು ಮ್ಯಾಟ್ಲಿ ಎಂಬ ಸಂಶೋಧಕರು 1933ರಲ್ಲಿ ಧಾರಾಳವಾಗಿ ಹಂಚಿದ ಹೆಸರುಗಳಲ್ಲಿ ಎಷ್ಟೋ ಇಂದು ಸಂದೇಹದ ಪಟ್ಟಿಯಲ್ಲಿವೆ. ಗುಜರಾತಿನ ರಹಿಯೋಲಿಯ ಕಥೆ ಬೇರೆ. ಅಲ್ಲಿ 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಮೂಳೆಗಳನ್ನು ತೆಗೆಯುವಾಗ ಪ್ರತಿಯೊಂದರ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿಟ್ಟಿದ್ದರಿಂದಲೇ, ಎರಡು ದಶಕಗಳ ನಂತರ ಅವುಗಳಲ್ಲಿ ಕೆಲವು ಒಂದೇ ಪ್ರಾಣಿಯವೆಂದು ತೀರ್ಮಾನಿಸಿ, 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಯನ್ನು ವಿವರಿಸುವುದು ಸಾಧ್ಯವಾಯಿತು.

ಈ ಪದರಗಳಲ್ಲಿ ಸಿಗುವ ಡೈನೋಸಾರ್ ಮೊಟ್ಟೆಗಳ ವಿಷಯದಲ್ಲಿ ಕಣ್ಣು ಇನ್ನೂ ಸುಲಭವಾಗಿ ಮೋಸಹೋಗುತ್ತದೆ. ಅರೆಶುಷ್ಕ ಹವೆಯಲ್ಲಿ ಮಣ್ಣಿನೊಳಗೆ ಸುಣ್ಣ ಉಂಡೆಗಟ್ಟಿ ರೂಪುಗೊಂಡ ಗಂಟುಗಳು ಲಮೇಟಾ ಸುಣ್ಣಕಲ್ಲಿನಲ್ಲಿ ಹೇರಳವಾಗಿದ್ದು, ಮಳೆಗಾಳಿಗೆ ಸವೆದಾಗ ದುಂಡಗೆ, ಥೇಟ್ ಮೊಟ್ಟೆಯಂತೆಯೇ ಕಾಣುತ್ತವೆ. ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಒಂದೆರಡು ಮಿಲಿಮೀಟರ್ ದಪ್ಪದ ಚಿಪ್ಪು, ಅದರಲ್ಲಿ ಒತ್ತೊತ್ತಾಗಿ ನಿಂತ ಕ್ಯಾಲ್ಸೈಟ್ ಕಂಬಗಳು ಮತ್ತು ಹೊರಮೈಯಲ್ಲಿ ಸಣ್ಣ ಗುಬುಟುಗಳು ಕಂಡರೆ ಮಾತ್ರ ಅದು ಮೊಟ್ಟೆ. ಗಂಟಿನಲ್ಲಿ ಚಿಪ್ಪಿನ ಗೆರೆಯೇ ಇರುವುದಿಲ್ಲ. ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು ಗೂಡುಗಳ ಅಂತರವನ್ನೂ ಪರಿಶೀಲಿಸಿದ್ದರಿಂದಲೇ, ಆ ಗೂಡುಗಳ ಡೈನೋಸಾರುಗಳು ಒಟ್ಟಾಗಿ ಮೊಟ್ಟೆಯಿಡುತ್ತಿದ್ದವೆಂದು ಹೇಳಬಲ್ಲದಾಯಿತು. ಈ ಪದರಗಳು ಸಮುದ್ರತೀರದವೆಂಬ ಹಳೆಯ ವಾದಕ್ಕೆ ಬದಲಾಗಿ ನದೀಬಯಲಿನವೆಂಬ ವಿವರಣೆ ಬಲಗೊಂಡದ್ದರಲ್ಲಿ, ಮೂಳೆಗಳಷ್ಟೇ ಪಾತ್ರ ಯಾರೂ ಸಂಗ್ರಹಿಸದ ಈ ಸುಣ್ಣದ ಗಂಟುಗಳದ್ದೂ ಇದೆ.

ಈ ಎಚ್ಚರ ಕರ್ನಾಟಕದಲ್ಲೂ ಬೇಕು: ದಖ್ಖನ್ ಲಾವಾ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳವರೆಗೂ ಹರಡಿದ್ದು, ಹಿಂದಿನ ಗುಲ್ಬರ್ಗಾ ಜಿಲ್ಲೆಯ ಅಂತರ್‌ಟ್ರ್ಯಾಪ್ ಪದರಗಳಲ್ಲಿ ಆಸ್ಟ್ರಕೋಡ್ ಎಂಬ, ಚಿಪ್ಪಿನೊಳಗೆ ಬಾಳುವ ಸೂಕ್ಷ್ಮ ಜಲಜೀವಿಗಳ ಪಳೆಯುಳಿಕೆಗಳು ದೊರೆತಿವೆ. ಅಲ್ಲಿ ಬಾವಿ ತೋಡುವಾಗಲೋ ಕಲ್ಲು ಒಡೆಯುವಾಗಲೋ ಕರಿಕಲ್ಲಿನ ನಡುವೆ ಬಿಳಿಚಿದ ಹೂಳಿನ ಪದರ ಕಂಡವರು ಅದನ್ನು ಕೆದಕದೆ, ಮೇಲಿನ ಮತ್ತು ಕೆಳಗಿನ ಕಲ್ಲೂ ಕಾಣುವಂತೆ ಚಿತ್ರ ತೆಗೆದು, ಸಮೀಪದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಬೇಕು.